ಅಂಚಿನಲ್ಲಿ ಕೂತ ಹೆಸರು

ಜೂಡೀಕ್, ಕೇಪ್ ಬ್ರೆಟನ್
9 ಏಪ್ರಿಲ್ 2018

ಮಾನ್ಯ ಓರಿನ್ ಸೇಥರ್ ಅವರಿಗೆ,

ನನ್ನ ಹೆಸರು ಎಫಿ ಮೆಕ್‌ಫೀ. ಇಲ್ಲಿ ಶಾಲೆಯ ಬಸ್ ಓಡಿಸುತ್ತೇನೆ. ಕಂಪ್ಯೂಟರಿನ ಒಳಗುಟ್ಟು ನನಗೆ ಗೊತ್ತಿಲ್ಲ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಅಭ್ಯಾಸವಿದೆ. ನಮ್ಮ ಮನೆಯಲ್ಲಿರುವುದು ನೀವು ಕೆಲವರು ಸೇರಿ ಬರೆದು ಪುಕ್ಕಟೆಯಾಗಿ ಕೊಡುವ ಆಪರೇಟಿಂಗ್ ಸಿಸ್ಟಮ್. ಹೊರಗಿನಿಂದ ಸಿಕ್ಕಿಸುವ ಹಳೆಯ ಡಿಸ್ಕ್ ಒಂದಿದೆ. ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗೆ ಲೂನ್ ಫೈಲ್‌ಸಿಸ್ಟಮ್ ಎನ್ನುತ್ತಾರಂತೆ, ಅದರ ಉಸ್ತುವಾರಿ ನೀವಂತೆ. ಕಂಪ್ಯೂಟರಿನ ಜೊತೆ ಬಂದ ಪಟ್ಟಿಯಲ್ಲಿ ನಿಮ್ಮ ಹೆಸರು, ಮೇಲ್ ವಿಳಾಸ ಸಿಕ್ಕಿತು.

ಕಳೆದ ತಿಂಗಳು ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಯಿತು. ಅಂದಿನಿಂದ ಆ ಡಿಸ್ಕಿನ ಮುಖ್ಯ ಫೋಲ್ಡರ್ ತೆರೆಯುತ್ತಿಲ್ಲ. ಕ್ಲಿಕ್ ಮಾಡಿದರೆ 'ಡೈರೆಕ್ಟರಿ ಕೆಟ್ಟಿದೆ' ಎಂಬ ಒಂದು ಸಾಲು, ಅದರ ಮುಂದೆ ಉದ್ದನೆಯ ಸಂಖ್ಯೆ. ಅದನ್ನು ಕೆಳಗೆ ಹಾಗೆಯೇ ಬರೆದಿದ್ದೇನೆ. ಡಿಸ್ಕ್ ಕೈತಪ್ಪಿ ಬಿದ್ದಿಲ್ಲ, ನೀರು ತಾಗಿಲ್ಲ, ಬೆಕ್ಕು ಹತ್ತಿರ ಸುಳಿದಿಲ್ಲ.

ಒಳಗಿರುವುದಕ್ಕೆ ಬೇರೆ ಪ್ರತಿ ಇಲ್ಲ. ಅದು ಹೋದರೆ ನಮ್ಮ ಮನೆಯಲ್ಲಿ ಒಬ್ಬರ ಪಾಲಿಗೆ ಬದುಕಿನ ಅರ್ಧ ಹೋದ ಹಾಗೆ. ಯಾರಿಗೆ, ಏನು ಎಂದೆಲ್ಲ ಪರಿಚಯವಿಲ್ಲದವರಿಗೆ ಬರೆಯಲು ನನಗೆ ಸಂಕೋಚ, ಕ್ಷಮಿಸಿ. ಮೇ ತಿಂಗಳ ಮೊದಲ ಭಾನುವಾರದೊಳಗೆ ತೆರೆದರೆ ದೊಡ್ಡ ಉಪಕಾರ.

ಓದಲು ಚೆನ್ನಾಗಿರಲಿ ಎಂದು ನೇರಳೆ ಬಣ್ಣದಲ್ಲಿ ಬರೆದಿದ್ದೇನೆ.

ಇಂತಿ,
ಎಫಿ ಮೆಕ್‌ಫೀ


ಡುಲುತ್, ಮಿನೆಸೋಟ
10 ಏಪ್ರಿಲ್ 2018

ಬಣ್ಣದ ಅಕ್ಷರ ಬೇಡ. ಸಾದಾ ಅಕ್ಷರದಲ್ಲಿ ಬರೆಯಿರಿ. ಉತ್ತರ ಬರೆಯುವಾಗ ನನ್ನ ಮಾತಿನ ಕೆಳಗೆ ಬರೆಯಿರಿ, ಅದರ ತಲೆಯ ಮೇಲಲ್ಲ. ಯಾವ ಆವೃತ್ತಿ ಎಂದು ತಿಳಿಸಿಲ್ಲ. ಡಿಸ್ಕ್ ಹಳೆಯದು ಎಂದ ಮೇಲೆ ಡಿಸ್ಕೇ ಕೆಟ್ಟಿರಬೇಕು. ರಿಪೇರಿ ಪ್ರೋಗ್ರಾಮು ಓಡಿಸಿ, ಅದು ಏನು ಹೇಳಿತು ಎಂದು ಕಳಿಸಿ. ಸರಿಹೋಗದಿದ್ದರೆ ಡಿಸ್ಕಿನ ಪೂರ್ತಿ ನಕಲು ಕಳಿಸಿ.

ಸೇಥರ್


ಡುಲುತ್
12 ಏಪ್ರಿಲ್ 2018

ಎಫಿ ಮೆಕ್‌ಫೀ ಅವರಿಗೆ,

ರಿಪೇರಿ ಪ್ರೋಗ್ರಾಮು ಓಡಿಸಬೇಡಿ. ಓಡಿಸಲು ಶುರು ಮಾಡಿದ್ದರೆ ತಕ್ಷಣ ನಿಲ್ಲಿಸಿ, ಡಿಸ್ಕ್ ಕಿತ್ತು ಪಕ್ಕಕ್ಕಿಡಿ.

ಎಲ್ಲರಿಗೂ ಹೇಳುವುದನ್ನೇ ಮೊನ್ನೆ ನಿಮಗೂ ಹೇಳಿಬಿಟ್ಟೆ. ಇಲ್ಲಿ ಬಂದರಿನ ಕಚೇರಿಯಲ್ಲಿ ನನ್ನ ಕೆಲಸ, ಈ ಕೋಡಿನ ಉಸ್ತುವಾರಿ ಊಟದ ಬಿಡುವಿನಲ್ಲಿ. ಇವತ್ತು ಊಟಕ್ಕೆ ಕೂತಾಗ ನೀವು ಬರೆದಿದ್ದ ಸಂಖ್ಯೆಯನ್ನು ಮತ್ತೊಮ್ಮೆ ನೋಡಿದೆ. ಅದು ಡಿಸ್ಕ್ ಸವೆದಾಗ ಬರುವ ಸಂಖ್ಯೆಯಲ್ಲ. ಈ ಚಳಿಗಾಲದಲ್ಲಿ ನಾವು ಹೊಸದಾಗಿ ಸೇರಿಸಿದ ಒಂದು ತಪಾಸಣೆಯಿಂದ ಬರುವಂಥದ್ದು. ತಪಾಸಣೆಯೇ ತಪ್ಪಾಗಿದ್ದರೆ, ನಿಮ್ಮ ಡಿಸ್ಕ್ ಚೆನ್ನಾಗಿಯೇ ಇದೆ.

ಅದೇ ತಪಾಸಣೆಯನ್ನು ರಿಪೇರಿ ಪ್ರೋಗ್ರಾಮಿಗೂ ಹಾಕಿದ್ದೇವೆ. ಅದು ಚೆನ್ನಾಗಿರುವ ಫೈಲನ್ನು ಕೆಟ್ಟಿದೆ ಎಂದುಕೊಂಡು ಅಳಿಸಿಹಾಕುತ್ತದೆ. ಕೇಳುವುದೂ ಇಲ್ಲ.

ಓಡಿಸಿದಿರಾ, ಇಲ್ಲವಾ? ಇಷ್ಟು ತಿಳಿಸಿ.

ಓರಿನ್ ಸೇಥರ್


ಡುಲುತ್
15 ಏಪ್ರಿಲ್ 2018

ಎಫಿ ಅವರೇ,

ನಿಮ್ಮಿಂದ ಸುದ್ದಿಯಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತೇನೆ ಎಂದು ನೀವು ಬರೆದ ಸಾಲೇ ನನ್ನನ್ನು ಕಾಡುತ್ತಿದೆ. ಹತ್ತನೆಯ ತಾರೀಕಿನ ಮೇಲ್ ತಲುಪಿ, ಹನ್ನೆರಡರದ್ದು ತಲುಪದೇ ಹೋಗಿದ್ದರೆ? ಬಣ್ಣದಲ್ಲಾದರೂ ಬರೆಯಿರಿ, ಮೇಲೆ ಕೆಳಗೆ ಎಲ್ಲಿ ಬೇಕಾದರೂ ಬರೆಯಿರಿ. ಒಂದು ಸಾಲು ಸಾಕು.

ಇವತ್ತು ಭಾನುವಾರ. ಚರ್ಚಿನಲ್ಲಿ ಕೂತು ಪ್ರಾರ್ಥನೆ ಮಾಡುವ ಬದಲು ನಿಮ್ಮ ಡಿಸ್ಕಿನ ಚಿಂತೆ ಮಾಡಿದೆ. ನನ್ನ ಹೆಂಡತಿ ಮಾರ್ಲಿಸ್ ಎರಡು ಸಲ ತಿವಿದಳು.

ಓರಿನ್


ಜೂಡೀಕ್
19 ಏಪ್ರಿಲ್ 2018

ಸೇಥರ್ ಅವರೇ,

ನಿಮ್ಮ ಆಮೇಲಿನ ಎರಡೂ ಪತ್ರ ಇವತ್ತು ಒಟ್ಟಿಗೆ ಓದಿದೆ. ಮೊದಲು ನಿಮಗೆ ಬೇಕಾದ ಉತ್ತರ: ಇಲ್ಲ, ಓಡಿಸಿಲ್ಲ. ಉಸಿರು ಬಿಡಿ.

ಯಾಕೆ ಓಡಿಸಲಿಲ್ಲ ಅಂತೀರಾ? ನಿಮ್ಮ ಮೇಲಿನ ಸಿಟ್ಟಿಗೆ! ಹತ್ತನೆಯ ತಾರೀಕು ಬಸ್ ನಿಲ್ಲಿಸಿ ಮನೆಗೆ ಬಂದು, ಕೈಕೂಡ ತೊಳೆಯದೆ ಮೇಲ್ ತೆಗೆದರೆ, ಹೆಸರಿಲ್ಲ, ನಮಸ್ಕಾರವಿಲ್ಲ, ಬಣ್ಣ ಬೇಡ, ಮೇಲೆ ಬರೆಯಬೇಡ, ಕೆಳಗೆ ಬರಿ. ನನ್ನ ಬಸ್ಸಿನಲ್ಲಿ ನಾಲ್ಕನೆಯ ಕ್ಲಾಸಿನ ಹುಡುಗರೂ ಹತ್ತುವಾಗ ಗುಡ್ ಮಾರ್ನಿಂಗ್ ಹೇಳುತ್ತಾರೆ. 'ಹೋಗಯ್ಯಾ, ನೀನೂ ಬೇಡ ನಿನ್ನ ಪ್ರೋಗ್ರಾಮೂ ಬೇಡ' ಎಂದು ಕಂಪ್ಯೂಟರ್ ಆರಿಸಿದೆ. ಮಾರನೆಯ ದಿನ ಆ ಹಾಳು ಬಿರುಗಾಳಿ ಬಂತು, ಕರೆಂಟು ಹೋಯಿತು, ಫೋನ್ ಲೈನೂ ಬಿತ್ತು. ನಿನ್ನೆ ಸಂಜೆ ಎಲ್ಲ ಸರಿಹೋಯಿತು.

ನೀವು ಸೌಜನ್ಯದಿಂದ ಎರಡು ಮಾತು ಬರೆದಿದ್ದರೆ ಅವತ್ತೇ ಓಡಿಸಿಬಿಡುತ್ತಿದ್ದೆ. ನಿಮ್ಮ ಒರಟುತನಕ್ಕೆ ತುಂಬಾ ತುಂಬಾ ಥ್ಯಾಂಕ್ಸ್. ಇದನ್ನು ವ್ಯಂಗ್ಯ ಎಂದುಕೊಳ್ಳಬೇಡಿ, ಮನಸಾರೆ ಹೇಳುತ್ತಿದ್ದೇನೆ.

ಡಿಸ್ಕಿನ ಪೂರ್ತಿ ನಕಲು ಮಾತ್ರ ಕಳಿಸಲಾರೆ. ಒಳಗಿರುವುದು ನನ್ನದಲ್ಲ. ಯಾರದ್ದೋ ಅವರನ್ನು ಕೇಳುವ ಸ್ಥಿತಿಯಲ್ಲೂ ನಾನಿಲ್ಲ. ಇದರಿಂದ ನಿಮ್ಮ ಕೆಲಸ ನಿಲ್ಲುವುದಾದರೆ ಹೇಳಿಬಿಡಿ.

ಎಫಿ ಮೆಕ್‌ಫೀ

(ಬಣ್ಣ ಹಾಕಿಲ್ಲ. ಕೆಳಗೇ ಬರೆದಿದ್ದೇನೆ.)


ಡುಲುತ್
20 ಏಪ್ರಿಲ್ 2018

ಪ್ರಿಯ ಎಫಿ ಅವರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮಾರ್ಲಿಸ್‌ಗೆ ಓದಿ ಹೇಳಿದೆ. "ನಾನು ಇಷ್ಟು ವರ್ಷದಿಂದ ಬಡ್ಕೊಂಡಿದ್ದನ್ನ ಆ ಹೆಂಗಸು ಒಂದೇ ಕಾಗದದಲ್ಲಿ ಹೇಳಿದಾಳೆ ನೋಡ್ರೀ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು, ಅಷ್ಟೆ. ನಿಮ್ಮ ಸಿಟ್ಟಿಗೆ ನಾನೂ ಋಣಿ.

ನಕಲು ಬೇಡ ಎಂದದ್ದು ಅರ್ಥವಾಯಿತು. ಯಾರದ್ದೋ ಆಸ್ತಿಯ ಕಾಗದಪತ್ರವೋ, ಕೋರ್ಟಿನ ವಿಷಯವೋ ಇದ್ದೀತು, ನಾನು ಕೇಳುವುದಿಲ್ಲ. ಬೇರೆ ದಾರಿಯಿದೆ. ಲೂನ್ ಜೊತೆ ಒಂದು ಸಣ್ಣ ಪ್ರೋಗ್ರಾಮು ಬರುತ್ತದೆ. ಅದು ಡಿಸ್ಕಿನ ಜೋಡಣೆಯನ್ನಷ್ಟೇ ನಕಲು ಮಾಡುತ್ತದೆ, ಫೈಲುಗಳ ಒಳಗಿನದ್ದೆಲ್ಲ ಖಾಲಿ ಬಿಡುತ್ತದೆ. ಸಾಮಾನೆಲ್ಲ ತೆಗೆದು ಬರೀ ಮನೆ ತೋರಿಸಿದ ಹಾಗೆ. ಅದು ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ, ಓದುತ್ತದೆ ಅಷ್ಟೆ. ಟೈಪ್ ಮಾಡಬೇಕಾದ ಸಾಲು ಕೊನೆಯಲ್ಲಿದೆ. ಒಂದಕ್ಷರವನ್ನೂ ಬದಲಿಸಬೇಡಿ.

ಬಗ್, ಅಂದರೆ ಕೋಡಿನ ದೋಷ, ನನ್ನ ಮೇಜಿನ ಮೇಲೆ ನಾನೇ ಕಂಡ ಹೊರತು ಅದನ್ನು ಸರಿಮಾಡಿದೆ ಎಂದು ಹೇಳುವ ಹಾಗಿಲ್ಲ. ಅದು ಈ ಕೋಡ್ ಬರೆಯುವ ನಮ್ಮ ಬಳಗದ ಕಟ್ಟುಪಾಡು. ಆದ್ದರಿಂದ ಈ ಕಷ್ಟ ಕೊಡುತ್ತಿದ್ದೇನೆ.

ನಿಮ್ಮ,
ಓರಿನ್


ಜೂಡೀಕ್
23 ಏಪ್ರಿಲ್ 2018

ಓರಿನ್ ಅವರೇ, ನಮಸ್ಕಾರ, ಶುಭ ಸಂಜೆ, ಮತ್ತು ಮಾರ್ಲಿಸ್ ಅವರಿಗೂ.

ಖಾಲಿ ಮನೆ ಕಳಿಸಿದ್ದೇನೆ. ನೀವು ಕೊಟ್ಟ ಸಾಲನ್ನು ಬೆರಳಿಟ್ಟು ಓದಿ ಓದಿ ಟೈಪ್ ಮಾಡಿದೆ. ಕಂಪ್ಯೂಟರ್ ಸುಮಾರು ಹೊತ್ತು ಗುರ್‌ ಎಂದು ಕೂತಿತ್ತು, ಆಮೇಲೆ 'ಆಯಿತು' ಎಂದಿತು.

ಹಾಗೆ ಕೂತಿರುವಾಗ ನಮ್ಮಣ್ಣ ಲಾಕಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದ. ಅವನಿಗೆ ಸ್ವಲ್ಪ ಹುಷಾರಿಲ್ಲ. ಮಾತು ನಿಧಾನ, ಆದರೆ ನಾಲಿಗೆಯ ಮೊನೆ ಹಾಗೇ ಇದೆ. "ಏನೇ ಎಫಿ, ಆ ಡಬ್ಬಿ ಜೊತೆ... ಜಗಳಾನಾ?" ಎಂದ. "ಕರೆಂಟ್ ಬಿಲ್ ಕಟ್ತಿದೀನಿ, ನೀನ್ ಹೋಗಿ ಕೂತ್ಕೋ" ಎಂದೆ. "ಬಿಲ್ ಕಟ್ಟೋಕೆ... ಸ್ತೋತ್ರ ಹೇಳ್ತಾರಾ?" ಎಂದ. ಟೈಪ್ ಮಾಡುತ್ತ ಮೇರಿ ಮಾತೆಯನ್ನು ನೆನೆಯುತ್ತಿದ್ದೆ, ಅವನ ಕಿವಿಗೆ ಬಿದ್ದಿದೆ. ಕಿವಿ ಮಾತ್ರ ಮೊದಲಿಗಿಂತ ಚುರುಕು.

ಕೋರ್ಟಿನ ವಿಷಯವಲ್ಲ. ಅಂಥ ಆಸ್ತಿ ನಮ್ಮಲ್ಲಿ ಯಾರಿಗೂ ಇಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಅವಸರ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಅವಸರವಿದೆ.

ಎಫಿ


ಡುಲುತ್
26 ಏಪ್ರಿಲ್ 2018

ಪ್ರಿಯ ಎಫಿ,

ಸಿಕ್ಕಿತು! ನಿಮ್ಮ ಖಾಲಿ ಮನೆಯ ಬಾಗಿಲು ನನ್ನ ಮೇಜಿನ ಮೇಲೂ ತೆರೆಯಲಿಲ್ಲ. ಅದೇ ಸಾಲು, ಅದೇ ಸಂಖ್ಯೆ. ಖುಷಿಯಿಂದ ಎದ್ದು ನಿಂತುಬಿಟ್ಟೆ. ಪಕ್ಕದ ಮೇಜಿನವರು "ಯಾಕ್ರೀ, ಹಡಗೇನಾದ್ರೂ ಮುಳುಗ್ತಾ?" ಎಂದರು.

ಏನಾಗಿದೆ ಎಂದು ಹೇಳುತ್ತೇನೆ. ಚರ್ಚಿನ ಬೆಂಚು ನೆನೆಸಿಕೊಳ್ಳಿ. ಫೋಲ್ಡರಿನಲ್ಲಿರುವ ಫೈಲುಗಳ ಹೆಸರುಗಳು ಅಂಥ ಬೆಂಚಿನ ಮೇಲೆ ಒಂದರ ಪಕ್ಕ ಒಂದು ಕೂತಿರುತ್ತವೆ. ಉದ್ದದ ಹೆಸರಿಗೆ ಹೆಚ್ಚು ಜಾಗ, ಗಿಡ್ಡ ಹೆಸರಿಗೆ ಕಡಿಮೆ. ಯಾರಾದರೂ ದುರುದ್ದೇಶದಿಂದ ಸುಳ್ಳು ಉದ್ದ ಬರೆದ ಡಿಸ್ಕ್ ಸಿಕ್ಕಿಸಿದರೆ, ಕಂಪ್ಯೂಟರ್ ಬೆಂಚು ಮುಗಿದ ಮೇಲೂ ಓದುತ್ತ ಹೋಗಿ ಪಕ್ಕದ ಮನೆಗೆ ನುಗ್ಗುತ್ತಿತ್ತು. ಅದಕ್ಕೆ ಈ ಚಳಿಗಾಲದಲ್ಲಿ ಕಾವಲು ಹಾಕಿದೆವು: ಬೆಂಚಿನ ಅಂಚು ಮೀರಿದ ಹೆಸರನ್ನು ಒಳಗೆ ಬಿಡಬೇಡ. ಆದರೆ ಬರೆಯುವಾಗ, ಅಂಚನ್ನು ಮೀರಿದರೆ ಎನ್ನುವ ಕಡೆ ಅಂಚನ್ನು ಮುಟ್ಟಿದರೂ ಎಂದಾಗಿಬಿಟ್ಟಿದೆ. ಬರೆದವರಿಗೂ ಕಾಣಲಿಲ್ಲ, ತಿದ್ದಬೇಕಿದ್ದ ನಮಗೂ ಕಾಣಲಿಲ್ಲ. ಒಂದು ಹೆಸರು ಬೆಂಚಿನ ಕೊನೆಯವರೆಗೆ ಸರಿಯಾಗಿ, ಕೂದಲೆಳೆ ಜಾಗ ಬಿಡದೆ ಕೂರುವುದು ಅಪರೂಪದಲ್ಲಿ ಅಪರೂಪ. ನಿಮ್ಮ ಡಿಸ್ಕಿನ ಕೊನೆಯ ಫೈಲಿನ ಹೆಸರು ಹಾಗೆ ಕೂತಿದೆ. ಅದನ್ನು ಕಂಡ ಕಾವಲುಗಾರ ಇಡೀ ಚರ್ಚಿಗೇ ಬೀಗ ಹಾಕಿದ್ದಾನೆ. ಪಾದ್ರಿಯ ಹಸುವೂ ಸೇರಿ ಉಳಿದ ಎಲ್ಲವೂ ಬೆಂಚಿನ ಮೇಲೆ ಆರಾಮಾಗಿವೆ, ಯಾವುದಕ್ಕೂ ಏನೂ ಆಗಿಲ್ಲ.

ರಿಪೇರಿ ಪ್ರೋಗ್ರಾಮು ಓಡಿಸಿದ್ದರೆ ಹೋಗುತ್ತಿದ್ದುದು ಆ ಕೊನೆಯ ಫೈಲೊಂದೇ. ಅದೊಂದೇ.

ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಇವತ್ತೇ ಬರೆದು ನಮ್ಮ ಬಳಗಕ್ಕೆ ಕಳಿಸುತ್ತೇನೆ. ಎಲ್ಲರೂ ನೋಡಿ ಒಪ್ಪಬೇಕು.

ಓರಿನ್


ಜೂಡೀಕ್
27 ಏಪ್ರಿಲ್ 2018

ಓರಿನ್ ಅವರೇ,

ಪಾದ್ರಿಯ ಹಸುವಿನ ವಿಷಯ ನಾನು ನಿಮಗೆ ಯಾವಾಗ ಬರೆದೆ?

ಫೈಲಿನ ಒಳಗಿರುವುದು ಖಾಲಿ ಎಂದಿರಿ. ಹೆಸರುಗಳು ಹಾಗೇ ಬರುತ್ತವೆ ಎಂದು ಹೇಳಲಿಲ್ಲ. ಸಾಮಾನು ತೆಗೆದ ಮನೆ ಎಂದಿರಿ, ಗೋಡೆಯ ಮೇಲಿನ ಪಟಗಳನ್ನೆಲ್ಲ ನೋಡಿದ್ದೀರಿ. ನಿನ್ನೆ ಓದಿದಾಗ ಮೈ ಉರಿಯಿತು. ರಾತ್ರಿ ಕಳೆದ ಮೇಲೆ ಸಿಟ್ಟು ಇಳಿಯಿತು. ಮನೆಯೊಳಗೆ ಬಂದಾಯಿತಲ್ಲ, ಇನ್ನು ಕೂತು ಪೂರ್ತಿ ಕೇಳಿ.

ಲಾಕಿ ಸಿಗಡಿ ಹಿಡಿಯುವ ದೋಣಿಯವನು, ಹಾಗೂ ಪಿಟೀಲು ಬಾರಿಸುವವನು. ನಮ್ಮ ಕಡೆ ಪಿಟೀಲಿನವರು ಯಾರಿಗೂ ಥ್ಯಾಂಕ್ಸ್ ಎನ್ನುವುದಿಲ್ಲ. ಅದರ ಬದಲು ಹೊಸ ಮಟ್ಟು ಕಟ್ಟಿ ಅವರ ಹೆಸರಿಡುತ್ತಾರೆ. ಬೇರೆಯವರು ಗಿಡ್ಡ ಹೆಸರಿಟ್ಟರೆ ನಮ್ಮವನದು ಮಾರುದ್ದ. 'ಫಾದರ್ ಕಾಲಿನ್ ಅವರ ಹಸು ನನ್ನ ಟ್ರಕ್ಕಿಗೆ ಒರಗಿ ನಿದ್ದೆ ಹೋದ ಬೆಳಗ್ಗೆ' ಎಂದರೆ ಇಡೀ ಊರಿಗೆ ಗೊತ್ತು, ಮದುವೆಗಳಲ್ಲಿ ಅದಕ್ಕೆ ಕುಣಿಯುತ್ತಾರೆ. ಅವನಿಗೆ ಸ್ವರ ಬರೆಯಲು ಬರುವುದಿಲ್ಲ. ಅಡುಗೆಮನೆಯಲ್ಲಿ ಕೂತು ಬಾರಿಸಿ ಡಿಸ್ಕಿಗೆ ತುಂಬುತ್ತಿದ್ದ, ಅಷ್ಟೇ.

ಫೆಬ್ರವರಿಯಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಕೈ ಬಂದಿದೆ, ಕಾಲು ಬರುತ್ತಿದೆ. ಆದರೆ ಪಿಟೀಲು ಹಿಡಿದರೆ ಏನೂ ಬರುವುದಿಲ್ಲ ಎನ್ನುತ್ತಾನೆ. "ಒಳಗೆಲ್ಲಾ... ಗುಡಿಸಿ ಹಾಕ್ದಂಗಿದೆ ಕಣೇ." ಬೇರೆಯವರ ಮಟ್ಟು ಕೇಳಿಸಿದರೆ ಮುಖ ತಿರುಗಿಸುತ್ತಾನೆ. ಚಿಕಿತ್ಸೆಗೆ ಬರುವಾಕೆ, "ಅವರದ್ದೇ ಏನಾದ್ರೂ ಕೇಳಿಸಿ ನೋಡಿ, ನೆನಪು ಮರುಕಳಿಸಬಹುದು" ಎಂದಳು. ಡಿಸ್ಕ್ ಸಿಕ್ಕಿಸಿದೆ. 'ಡೈರೆಕ್ಟರಿ ಕೆಟ್ಟಿದೆ.' ಅವನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ತಲೆಯಿಂದಲೂ ಹೋಯಿತು, ಡಬ್ಬಿಯಿಂದಲೂ ಹೋಯಿತು ಎಂದು ಹೇಳಲು ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ಅವನೇ ಆಂಟಿಗೊನಿಶ್‌ನ ನಮ್ಮ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, "ಬಂದು ಪಿಟೀಲು ತಗೊಂಡು ಹೋಗು, ನೋಡಿದ್ರೆ ಹೊಟ್ಟೆ ಉರಿಯುತ್ತೆ" ಎಂದಿದ್ದಾನೆ. ಅವನು ಬರುವುದು ಮೇ ಮೊದಲ ಭಾನುವಾರ. ಪಿಟೀಲು ಮನೆ ದಾಟಿದರೆ ಲಾಕಿ ಇನ್ನು ಕುರ್ಚಿಯಿಂದ ಏಳುವುದಿಲ್ಲ, ನನಗೆ ಗೊತ್ತು.

ಇಷ್ಟೇ ನನ್ನ ಗುಟ್ಟು. ಆ ಕೊನೆಯ ಫೈಲು ಯಾವುದು? ಲಕ್ವಾ ಹೊಡೆಯುವ ಮುಂಚೆ ಏನೋ ಹೊಸದು ಬಾರಿಸುತ್ತಿದ್ದ, ನಾನು ಬಂದ ಕೂಡಲೇ ನಿಲ್ಲಿಸುತ್ತಿದ್ದ. ಅದರ ಹೆಸರು ನಾನು ನೋಡಿಲ್ಲ.

ಎಫಿ


ಡುಲುತ್
28 ಏಪ್ರಿಲ್ 2018

ಪ್ರಿಯ ಎಫಿ,

ನನ್ನದೇ ತಪ್ಪು. ಹೆಸರು ಹಾಗೇ ಬರುತ್ತದೆ ಎಂಬುದು ನಮಗೆಲ್ಲ ಎಷ್ಟು ಅಭ್ಯಾಸವೆಂದರೆ, ಅದು ಒಬ್ಬರ ಖಾಸಗಿ ಮಾತು ಎಂದು ಹೊಳೆಯಲೇ ಇಲ್ಲ. ನಮಗೆ ಹೆಸರೆಂದರೆ ಉದ್ದ ಎಷ್ಟು ಎನ್ನುವುದಷ್ಟೆ. ಆದರೆ ಆ ಹಸುವಿನ ಹೆಸರು ಓದಿ ಗಟ್ಟಿಯಾಗಿ ನಕ್ಕೆ, ಆಮೇಲೆ ಎಲ್ಲವನ್ನೂ ಓದಿದೆ. ಕ್ಷಮಿಸಿ. ಬೇರೆ ಯಾರೂ ನೋಡಿಲ್ಲ. ಬಳಗಕ್ಕೆ ತೋರಿಸಲು ಅಷ್ಟೇ ಉದ್ದದ ಅರ್ಥವಿಲ್ಲದ ಹೆಸರಿಟ್ಟು ಬೇರೆ ಡಿಸ್ಕ್ ಮಾಡಿದ್ದೇನೆ. ನಿಮ್ಮ ಖಾಲಿ ಮನೆಯನ್ನು ಅಳಿಸಿದ್ದೇನೆ.

ಕೊನೆಯ ಫೈಲಿನ ಹೆಸರು ನನಗೆ ಗೊತ್ತು. ಹೇಳುವುದಿಲ್ಲ. ಮೊದಲ ದಿನದ ಹಾಗೆ ಒರಟ ಎಂದುಕೊಳ್ಳಿ, ಪರವಾಗಿಲ್ಲ. ಅದನ್ನು ನೀವೇ ನಿಮ್ಮ ಅಡುಗೆಮನೆಯಲ್ಲಿ ಕೂತು ಓದಬೇಕು.

ಬಳಗದಲ್ಲಿ ಚರ್ಚೆ ನಡೆದಿದೆ. ಒಬ್ಬರು ಕಾವಲನ್ನೇ ಕಿತ್ತುಹಾಕೋಣ ಎಂದರು. ಬೇಡ, ಕಾವಲು ಇರಲಿ, ಅದಕ್ಕೆ ಅಂಚು ಯಾವುದು ಎಂದು ಸರಿಯಾಗಿ ಹೇಳಿಕೊಡೋಣ ಎಂದೆ. ರಿಪೇರಿ ಪ್ರೋಗ್ರಾಮನ್ನೂ ತಿದ್ದಿದ್ದೇನೆ. ಎಲ್ಲರೂ ಒಪ್ಪಲು ಕೆಲವು ವಾರ ಹಿಡಿಯುತ್ತದೆ. ನಿಮಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ತಿದ್ದುಪಡಿ ಸೇರಿಸಿದ ಒಂದು ಪ್ರತಿಯನ್ನು ನಿಮಗಾಗಿಯೇ ಕಟ್ಟಿ ಕಳಿಸುತ್ತಿದ್ದೇನೆ. ಹಾಕುವ ಕ್ರಮ ಕೆಳಗಿದೆ. ಡಿಸ್ಕನ್ನು ಓದಲು ಮಾತ್ರ ತೆರೆಯುವ ಹಾಗೆ ಮಾಡಿದ್ದೇನೆ, ಏನೇ ಆದರೂ ಒಳಗಿರುವುದು ಅಳಿಸುವುದಿಲ್ಲ. ತೆರೆದ ಕೂಡಲೇ ಮೊದಲು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳಿ, ಆಮೇಲೆ ಅಳುವುದು, ನಗುವುದು.

ಇನ್ನೊಂದು. ನಮ್ಮಲ್ಲೂ ಥ್ಯಾಂಕ್ಸ್ ಹೇಳುವವರು ಕಮ್ಮಿ. ಪ್ಯಾಚಿನ ಅಡಿಯಲ್ಲಿ ಬಗ್ ತೋರಿಸಿಕೊಟ್ಟವರ ಹೆಸರು, ಪರೀಕ್ಷಿಸಿದವರ ಹೆಸರು ಬರೆಯುತ್ತೇವೆ. ಕೋಡ್ ಇರುವವರೆಗೆ ಅದು ಇರುತ್ತದೆ. ನಿಮ್ಮ ಹೆಸರು ಬರೆಯಬಹುದೇ?

ಓರಿನ್


ಜೂಡೀಕ್
7 ಮೇ 2018

ಪ್ರಿಯ ಓರಿನ್,

ತೆರೆಯಿತು. ಮೊದಲು ಅದನ್ನು ಹೇಳಬೇಕು. ತೆರೆಯಿತು, ತೆರೆಯಿತು!

ನಿಮ್ಮ ಪ್ರತಿ ಇಳಿಸಿಕೊಳ್ಳಲು ನಮ್ಮ ಲೈನಿನಲ್ಲಿ ಮೂರು ದಿನ ಹಿಡಿಯಿತು, ಅರ್ಧಕ್ಕೆ ನಿಂತು ಮತ್ತೆ ಶುರು ಮಾಡಬೇಕಾಯಿತು. ಶನಿವಾರ ಮಧ್ಯಾಹ್ನ ಎಲ್ಲ ಕೂಡಿ ಬಂತು. ಡಿಸ್ಕ್ ಸಿಕ್ಕಿಸಿದೆ, ಫೋಲ್ಡರ್ ಒತ್ತಿದೆ. ಹೆಸರುಗಳು ಸಾಲಾಗಿ ಬಂದವು. ನೀವು ಹೇಳಿದ ಹಾಗೆ ಮೊದಲು ಎಲ್ಲ ನಕಲು ಮಾಡಿದೆ. ಆಮೇಲೆ ಕೆಳಗಿನವರೆಗೆ ನೋಡಿದೆ.

'ನಮ್ಮ ಗಯ್ಯಾಳಿ ಎಫಿಗೆ ನಾನು ಯಾವತ್ತೂ ಬಾಯ್ಬಿಟ್ಟು ಹೇಳದ ಥ್ಯಾಂಕ್ಸ್, ನಿಧಾನಕ್ಕೆ ನುಡಿಸಬೇಕು.'

ಓರಿನ್, ನಾನು ಅಳುವ ಹೆಂಗಸಲ್ಲ. ಬಸ್ ಹಳ್ಳಕ್ಕೆ ಇಳಿದಾಗಲೂ ಅತ್ತಿಲ್ಲ. ಅವತ್ತು ಅಡುಗೆಮನೆಯಲ್ಲಿ ಏಪ್ರನ್ನಿಗೆ ಮುಖ ಒತ್ತಿಕೊಂಡು ಅತ್ತೆ. ನಮ್ಮಮ್ಮ ಹೋದಾಗಿನಿಂದ ನಾವಿಬ್ಬರೇ ಈ ಮನೆಯಲ್ಲಿ. ಅವನು ಎಲ್ಲರ ಹೆಸರಿಗೂ ಮಟ್ಟು ಕಟ್ಟಿದ, ಅಂಚೆಯವನಿಗೆ, ಹಲ್ಲು ಕಿತ್ತ ಡಾಕ್ಟರಿಗೆ, ಕೊನೆಗೆ ಹಸುವಿಗೂ. ನನಗೆ ಕಟ್ಟಲಿಲ್ಲ. ನಾನು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿತ್ತು. ಅದೊಂದೇ ಫೈಲು ಅಳಿಸಿಹೋಗುತ್ತಿತ್ತು ಎಂದಿರಲ್ಲ, ಆ ಮಾತು ಈಗ ಎದೆಗೆ ಚುಚ್ಚಿತು.

ಅದನ್ನೇ ಹಾಕಿದೆ. ಮೊದಲು ಅವನ ದನಿ ಬಂತು, ಲಕ್ವಾ ಹೊಡೆಯುವ ಮುಂಚಿನ ದನಿ, ಪಟಪಟ ಎಂದು: "ಎಫಿ ಬಸ್ಸಿಂದ ಬರೋದ್ರೊಳಗೆ ಒಂದ್ ಸಲ ಬಾರಿಸಿಬಿಡ್ತೀನಿ." ಆಮೇಲೆ ಪಿಟೀಲು. ಇಷ್ಟು ಮೆತ್ತಗೆ ಅವನು ಬಾರಿಸಿದ್ದನ್ನು ನಾನು ಕೇಳಿರಲಿಲ್ಲ.

ಮುಗಿಯುವುದರೊಳಗೆ ಬಾಗಿಲಲ್ಲಿ ನಿಂತಿದ್ದ. ಗೋಡೆ ಹಿಡಿದಿರಲಿಲ್ಲ. ನಾನು ಕಣ್ಣೊರೆಸಿಕೊಂಡು, "ಇದೇನೋ ಇದು, ಇಷ್ಟು ದಿನ ಬಚ್ಚಿಟ್ಟಿದ್ದೆ?" ಎಂದೆ. ಅವನು ಹುಬ್ಬು ಗಂಟಿಕ್ಕಿ, "ಎರಡ್ನೇ ಸುತ್ತು... ತಪ್ಪು ಬಾರಿಸಿದೀನಿ" ಎಂದ. "ತಪ್ಪೇನಿಲ್ಲ, ಚೆನ್ನಾಗಿದೆ" ಎಂದೆ. "ನಿಂಗೇನ್ ಗೊತ್ತು ಕತ್ತೆ. ಕೊಡಿಲ್ಲಿ" ಎಂದು ಪಿಟೀಲಿಗೆ ಕೈ ಚಾಚಿದ.

ಸರಿಯಾಗಿ ಬರಲಿಲ್ಲ. ಬಿಲ್ಲು ಜಾರಿತು, ಬೈದುಕೊಂಡ, ಮತ್ತೆ ಹಿಡಿದ. ನಾನು ಆ ಫೈಲನ್ನು ಮತ್ತೆ ಮತ್ತೆ ಹಾಕಿದೆ. ಕತ್ತಲಾಗುವಷ್ಟರಲ್ಲಿ ಆ ಎರಡನೆಯ ಸುತ್ತಿನ ತಿರುವೊಂದು ಅವನ ಬೆರಳಿಗೆ ಬಂತು. ಒಂದೇ ತಿರುವು, ಓರಿನ್. ಆದರೆ ಅದು ತಾನು ಅಂದುಕೊಂಡ ಹಾಗೆ ಬಂತು ಎಂದು ಅವನ ಮುಖವೇ ಹೇಳಿತು.

ನಿನ್ನೆ ಚಿಕ್ಕಪ್ಪನ ಮಗ ಬಂದ. ಮೀನು ಸಾರು, ಓಟ್ಸ್ ರೊಟ್ಟಿ ತಿಂದು ಬರಿಗೈಯಲ್ಲಿ ಹೋದ. ಇಷ್ಟು ಖುಷಿಯಿಂದ ಬರಿಗೈಯಲ್ಲಿ ಹೋದವನನ್ನು ನಾನು ನೋಡಿಲ್ಲ.

ಹೆಸರು ಬರೆಯಬಹುದೇ ಎಂದು ಕೇಳಿದಿರಿ. ಬರೆಯಿರಿ. ಗಯ್ಯಾಳಿ ಎಂದು ಮಾತ್ರ ಸೇರಿಸಬೇಡಿ.

ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? ನನಗೆ ಪಿಟೀಲು ಬರುವುದಿಲ್ಲ. ಹೀಗೇ ಹೇಳುತ್ತೇನೆ, ಬಾಯ್ಬಿಟ್ಟು, ಮನಸಾರೆ.

ಎಫಿ


ಡುಲುತ್
21 ಮೇ 2018

ಪ್ರಿಯ ಎಫಿ,

ಪ್ಯಾಚ್ ಎಲ್ಲರ ಒಪ್ಪಿಗೆ ಪಡೆದು ಇವತ್ತು ಸೇರಿತು. ಬದಲಾದದ್ದು ಎರಡು ಕಡೆ ಒಂದೊಂದು ಸಾಲು. ಅಡಿಯಲ್ಲಿ ಹೀಗಿದೆ: ಬಗ್ ತೋರಿಸಿಕೊಟ್ಟವರು, ಎಫಿ ಮೆಕ್‌ಫೀ. ಪರೀಕ್ಷಿಸಿದವರು, ಎಫಿ ಮೆಕ್‌ಫೀ.

ನಿಮ್ಮಿಂದ ಮುಚ್ಚಿಟ್ಟ ಒಂದು ವಿಷಯ ಈಗ ಹೇಳುತ್ತೇನೆ. ನಿಮ್ಮ ನೇರಳೆ ಪತ್ರ ಬಂದ ವಾರ, ಲೂನ್ ಅನ್ನು ಯಾರೂ ಬಳಸುತ್ತಿಲ್ಲ, ಮುಂದಿನ ಆವೃತ್ತಿಯಿಂದ ತೆಗೆದುಹಾಕೋಣ ಎಂದು ನಾನೇ ಬಳಗಕ್ಕೆ ಬರೆದಿಟ್ಟಿದ್ದೆ, ಕಳಿಸುವುದೊಂದು ಬಾಕಿ. ಈ ಕೆಲಸದಲ್ಲಿ ಎಲ್ಲ ಸರಿಯಿದ್ದರೆ ಯಾರೂ ಬರೆಯುವುದಿಲ್ಲ, ಕೆಟ್ಟಾಗ ಬೈದು ಬರೆಯುತ್ತಾರೆ. ಬರಬರುತ್ತ ನಾನೂ ಬೈದೇ ಬರೆಯುವವನಾದೆ. ನಿಮ್ಮ ಮೊದಲ ಪತ್ರಕ್ಕೆ ಸಿಕ್ಕ ಉತ್ತರ ಅಂಥದ್ದು. ಲೂನ್ ತೆಗೆದುಹಾಕೋಣ ಎಂದು ಬರೆದಿಟ್ಟಿದ್ದ ಆ ಕಾಗದವನ್ನು ಈಗ ಅಳಿಸಿದ್ದೇನೆ. ನಾನು ಬರೆದದ್ದರ ಮೇಲೆ ಯಾರೋ ತಮ್ಮ ಥ್ಯಾಂಕ್ಸ್ ಬಚ್ಚಿಟ್ಟಿದ್ದರು ಎಂದು ತಿಳಿದ ಮೇಲೆ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ನೀವು ನನಗೆ ಥ್ಯಾಂಕ್ಸ್ ಹೇಳುತ್ತೀರಿ. ಕೊಟ್ಟದ್ದು ನಾನೋ ನೀವೋ ಎಂದು ಮಾರ್ಲಿಸ್‌ಗೂ ಗೊತ್ತಾಗುತ್ತಿಲ್ಲ.

ಈಗ ಒಂದು ಬೇಡಿಕೆ, ಲಾಕಿಯವರನ್ನು ಕೇಳಿ ಹೇಳಿ. ಒಂದು ಬಗ್ ಸರಿಮಾಡಿದ ಮೇಲೆ ಅದು ಮತ್ತೆ ನುಸುಳದ ಹಾಗೆ ಒಂದು ಪರೀಕ್ಷೆ ಬರೆಯುತ್ತೇವೆ. ಬೆಂಚಿನ ಅಂಚಿಗೆ ಸರಿಯಾಗಿ ಕೂರುವ ಹೆಸರೊಂದನ್ನು ಕೂರಿಸಿ, ಕಾವಲುಗಾರ ಒಳಗೆ ಬಿಡುತ್ತಾನಾ ಎಂದು ನೋಡುವುದು. ಈಗ ಅಲ್ಲಿ ಅರ್ಥವಿಲ್ಲದ ಹೆಸರಿದೆ. ಅದರ ಬದಲು ಲಾಕಿಯವರ ಮಟ್ಟಿನ ಹೆಸರನ್ನೇ ಇಡಬಹುದೇ? ಅವರು ಹೂಂ ಎಂದರೆ, ಇನ್ನು ಮುಂದೆ ಲೋಕದಲ್ಲಿ ಯಾರು ಎಲ್ಲಿ ಈ ಸಿಸ್ಟಮ್ ಕಟ್ಟಿದರೂ ಪ್ರತಿ ಸಲ ಆ ಹೆಸರಿಗೆ ಜಾಗ ಸಿಗುತ್ತದಾ ಎಂದು ನೋಡುತ್ತಾರೆ. ಸಿಗದಿದ್ದರೆ ಕೆಲಸ ಮುಂದಕ್ಕೆ ಹೋಗುವುದಿಲ್ಲ.

ನಿಮ್ಮ,
ಓರಿನ್

(ಈ ಪತ್ರ ನೇರಳೆ ಬಣ್ಣದಲ್ಲಿದೆ. ಬಳಗದವರಿಗೆ ಹೇಳಬೇಡಿ.)


ಜೂಡೀಕ್
3 ಜೂನ್ 2018

ಪ್ರಿಯ ಓರಿನ್, ಪ್ರಿಯ ಮಾರ್ಲಿಸ್,

ನೇರಳೆ ಪತ್ರ ಬಂತು. ಲಾಕಿಗೆ ಪೂರ್ತಿ ಓದಿ ಹೇಳಿದೆ, ಬಗ್, ಬೆಂಚು, ಕಾವಲುಗಾರ, ನಾನು ಕರೆಂಟ್ ಬಿಲ್ ನೆಪದಲ್ಲಿ ಹೇಳಿದ ಸುಳ್ಳು, ಎಲ್ಲ. ಕೇಳುತ್ತ ಕೇಳುತ್ತ ಕಿವಿ ಕೆಂಪಗಾಯಿತು.

"ಅಂದ್ರೆ... ನಾನು ನಾಚ್ಕೊಂಡು ಮೂಲೇಲಿ ಬರೆದಿಟ್ಟಿದ್ದನ್ನ, ಈ ಪುಣ್ಯಾತ್ಮ... ಲೋಕಕ್ಕೆಲ್ಲಾ ಡಂಗುರ ಹೊಡೀತಾನಂತಾ?"

"ಹೂಂ. ದಿನಾ. ಬೇಡ ಅಂದ್ರೆ ಬೇಡ ಅಂತ ಬರೀತೀನಿ" ಎಂದೆ.

ಕಿವಿ ಉಜ್ಜಿಕೊಂಡ. ಆಮೇಲೆ "ಇಟ್ಕೊಳ್ಲಿ ಬಿಡು" ಎಂದ. ನಿಮಗೂ ಒಂದು ಮಟ್ಟು ಕಟ್ಟುತ್ತಿದ್ದಾನೆ. ಅರ್ಧವಾಗಿದೆ. ಹೆಸರು ಮಾತ್ರ ಆಗಲೇ ಇಟ್ಟಾಗಿದೆ: 'ಡುಲುತ್‌ನ ಒರಟ ನಮಸ್ಕಾರ ಮರೆತಿದ್ದಕ್ಕೆ ನಾವೆಲ್ಲ ಬಚಾವಾದೆವು.' ಬೆಂಚಿನ ಮೇಲೆ ಹಿಡಿಸುತ್ತದೆಯೇ ನೋಡಿಕೊಳ್ಳಿ.

ನಾನು ಎದ್ದು ಟೀ ಬಗ್ಗಿಸಲು ಹೋದೆ. ಹಿಂದಿನಿಂದ ಕರೆದ. ತಿರುಗಿದೆ. ಮಾತು ಹುಡುಕುತ್ತಿದ್ದ. ಕೆಲವು ಮಾತಿಗೆ ಅವನು ಈಗಲೂ ಹೆಣಗಬೇಕು. ನಾನು ಕಾದೆ.

"ಲೋಕಕ್ಕೆಲ್ಲಾ ಗೊತ್ತಾದ್ಮೇಲೆ... ನಿಂಗೂ ಹೇಳ್ಬಿಡ್ತೀನಿ" ಎಂದ. "ಥ್ಯಾಂಕ್ಸ್ ಕಣೇ, ಎಫಿ."

ಬಾಯ್ಬಿಟ್ಟೇ ಹೇಳಿದ. ನಿಧಾನಕ್ಕೆ. ಆಮೇಲೆ ಟೀ ಆರುತ್ತಿದೆ ಎಂದು ಬೈದ.

ಎಫಿ